ಉಪ್ಪು ಇಳಿಯದ ಮಧ್ಯಾಹ್ನ

ಮದುವೆಯಾಗಿ ಎರಡನೇ ವರ್ಷ ನಡೆಯುತ್ತಿದ್ದರೂ ಗಂಡ ಹೆಂಡತಿ ಎದುರುಬದುರು ಕೂತು ಉಂಡ ದಿನಗಳು ಬೆರಳೆಣಿಕೆಯಷ್ಟು. ಅವನು ಟ್ಯಾಂಕರ್ ಓಡಿಸುತ್ತಿದ್ದ. ಪುಡಿ ಉಪ್ಪು ತುಂಬಿಕೊಂಡು ಹೊರಟರೆ ಇಳಿಸಿದ ಕಡೆಯಿಂದ ಇನ್ನೊಂದು ಲೋಡು, ಅಲ್ಲಿಂದ ಮತ್ತೊಂದು. ಮನೆಯ ಕಡೆ ತಲೆ ಹಾಕುವುದೇ ಅಪರೂಪ. ಅವಳು ಅದೇ ಉಪ್ಪಿನ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು.

ಉಪ್ಪು ಸರಾಗವಾಗಿ ಇಳಿಯುತ್ತದೋ ಇಲ್ಲವೋ ನೋಡಿ ಹೇಳುವುದು ಅವಳ ಕೆಲಸ. ಹರಳು ಒಂದೇ ಸಮನಾಗಿದ್ದು, ಚೆನ್ನಾಗಿ ಒಣಗಿದ್ದರೆ ಉಪ್ಪು ತುಂಬಿಡುವ ಆಲಿಕೆಯಂಥ ದೊಡ್ಡ ಹಾಪರಿನ ಬಾಯಿಂದ ನೀರಿನ ಹಾಗೆ ಸುರಿಯುತ್ತದೆ. ಹಿಟ್ಟಿನಂಥ ನುಣ್ಣನೆ ಪುಡಿ ಹೆಚ್ಚಾಗಿ, ಅದಕ್ಕೆ ಒಂಚೂರು ತೇವವೂ ಸೇರಿತೋ, ಒಂದಕ್ಕೊಂದು ಅಂಟಿಕೊಂಡು ಬಾಯಿಗೆ ಅಡ್ಡಲಾಗಿ ಕಮಾನು ಕಟ್ಟಿಬಿಡುತ್ತದೆ. ಸರಿಯಾಗಿ ಇಳಿದರೆ ಅರ್ಧ ಗಂಟೆಯಲ್ಲಿ ಟ್ಯಾಂಕರ್ ಭರ್ತಿ, ಗಂಡ ಹೊರಟ. ತಾನು ಕೆಲಸ ಚೆನ್ನಾಗಿ ಮಾಡಿದಷ್ಟೂ ಅವನು ಬೇಗ ಹೋಗುತ್ತಾನೆ ಅನ್ನುವುದು ಮೊದಮೊದಲು ಅವಳಿಗೆ ತಮಾಷೆಯಾಗಿ ಕಂಡಿತ್ತು. ಈಗ ಕಾಣುತ್ತಿರಲಿಲ್ಲ.

ಆ ವಾರವೆಲ್ಲ ಮೋಡ ಮುಚ್ಚಿಕೊಂಡಿತ್ತು. ಅವನು ಬೆಳಿಗ್ಗೆ ಬಂದು ಟ್ಯಾಂಕರನ್ನು ಹಾಪರಿನ ಕೆಳಗೆ ನಿಲ್ಲಿಸಿದ. ಅರ್ಧ ತುಂಬುವಷ್ಟರಲ್ಲಿ ಉಪ್ಪು ನಿಂತುಹೋಯಿತು. ಮೇಸ್ತ್ರಿ ಮರದ ಸುತ್ತಿಗೆಯಿಂದ ಹಾಪರಿನ ಪಕ್ಕೆಗೆ ಬಡಿದು ನೋಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಏನಾಗಿದೆ ನೋಡಮ್ಮ. ನಿನ್ನ ಯಜಮಾನರು ಬಂದಿದ್ದಾರೆ ಅಂತ ಉಪ್ಪೂ ಹಟ ಹಿಡಿದ ಹಾಗಿದೆ" ಅಂದರು.

ಅವಳು ಒಂದು ಬಟ್ಟಲು ಉಪ್ಪು ತಂದು ಜರಡಿಯಾಡಿಸಿದಳು, ಒಣಗಿಸಿ ತೂಗಿದಳು. ನುಣ್ಣನೆ ಪುಡಿ ಜಾಸ್ತಿ, ತೇವವೂ ಜಾಸ್ತಿ. ಹಾಪರಿನಲ್ಲಿ ಮಿಕ್ಕಿದ್ದನ್ನೆಲ್ಲ ಹೊರತೆಗೆದು ಮತ್ತೆ ಡ್ರೈಯರಿಗೆ ಹಾಕಬೇಕು. ಸಂಜೆಯವರೆಗೆ ಟ್ಯಾಂಕರ್ ಹೊರಡುವ ಹಾಗಿಲ್ಲ. ಅವಳ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ಭಯವೂ ಆಯಿತು. ತನ್ನ ಆಸೆಯೇ ತಕ್ಕಡಿಯಲ್ಲಿ ಕೂತಿದೆಯೇನೋ ಅಂತ ಇನ್ನೊಂದು ಸಲ ತೂಗಿದಳು. ಅಷ್ಟೇ ಬಂತು. ಸಮಾಧಾನವಾಗದೆ ಮೇಸ್ತ್ರಿಯನ್ನು ಕರೆದಳು.

"ನೀವೊಂದು ಸಲ ನೋಡಿ."

"ಯಾಕಮ್ಮ, ನಿನ್ನ ಕೈಗೇನಾಗಿದೆ?"

"ಇವತ್ತು ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಅವರು ಅವಳ ಮುಖ ನೋಡಿದರು. ತಾವೇ ಹೊಸದಾಗಿ ಉಪ್ಪು ತಂದು ಪರೀಕ್ಷೆ ಮಾಡಿದರು. "ಒದ್ದೆನೇ ಇದೆ. ಡ್ರೈಯರ್ ನಾನು ನೋಡ್ಕೋತೀನಿ, ನೀನು ಹೋಗು, ಊಟ ಮಾಡು."

ಅವಳು ಬುತ್ತಿ ಹಿಡಿದು ಓಡುನಡಿಗೆಯಲ್ಲಿ ಅಂಗಳ ದಾಟಿದಳು. ಟ್ಯಾಂಕರಿನ ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಅವನು ಸೀಟಿನ ಮೇಲೆ ಮುದುಡಿಕೊಂಡು ಮಲಗಿದ್ದ. ಬಾಯಿ ಅರ್ಧ ತೆರೆದಿತ್ತು, ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು. ಎಬ್ಬಿಸಲು ಭುಜದ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಪಕ್ಕದಲ್ಲಿ ಕೂತಳು. ಕಾಲರಿನ ಹತ್ತಿರ ಗುಂಡಿ ಕಿತ್ತುಹೋಗಿತ್ತು. ಕೊನೆಯ ಸಲ ಬಂದಾಗ ಈ ಅಂಗಿ ಇತ್ತೋ ಇಲ್ಲವೋ ಅಂತ ಎಷ್ಟು ಹೊತ್ತು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ.

ಅವನಿಗೆ ಎಚ್ಚರವಾದಾಗ ಹೊತ್ತು ಇಳಿದಿತ್ತು.

"ಎಬ್ಬಿಸಬಾರದಾಗಿತ್ತಾ?"

"ಒಳ್ಳೆ ನಿದ್ದೆ ಹತ್ತಿತ್ತಲ್ಲ."

"ನಿದ್ದೆ ಎಲ್ಲಾದ್ರೂ ಮಾಡ್ತೀನಿ ಕಣೇ. ನೀನು ಎಲ್ಲಾದ್ರೂ ಸಿಗ್ತೀಯಾ?"

ಅವಳು ಬುತ್ತಿಯ ಮುಚ್ಚಳ ತೆಗೆದಳು. ಒಂದೇ ಡಬ್ಬಿಯಿಂದ ಇಬ್ಬರೂ ಉಂಡರು.

"ಮಾಲೀಕರನ್ನ ಕೇಳಿದೆ" ಅಂದ ಅವನು. "ಹತ್ತಿರದ ರೂಟು ಖಾಲಿಯಾದ್ರೆ ನೋಡೋಣ ಅಂದ್ರು."

"ಹೋದ ಸಲಾನೂ ಹಾಗೇ ಅಂದಿದ್ರಲ್ಲ."

"ಹೋದ ಸಲ ಫೋನ್ ನೋಡ್ತಾ ಅಂದಿದ್ರು. ಈ ಸಲ ನನ್ನ ಮುಖ ನೋಡಿ ಅಂದ್ರು."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಮೇಸ್ತ್ರಿ ಕೆಳಗಿನಿಂದ ಕೂಗಿದರು, ಉಪ್ಪು ಒಣಗಿತ್ತು.

ಅವಳು ಹೋಗಿ ಮತ್ತೆ ಜರಡಿಯಾಡಿಸಿದಳು, ತೂಗಿದಳು. ಈ ಸಲ ಯಾರನ್ನೂ ಕರೆಯಲಿಲ್ಲ. "ಬಿಡಬಹುದು" ಅಂದಳು. ಉಪ್ಪು ಜರ್ರೆಂದು ಇಳಿಯಿತು. ಟ್ಯಾಂಕರ್ ತಿರುವಿನಲ್ಲಿ ಮರೆಯಾಗುವ ತನಕ ಗೇಟಿನ ಹತ್ತಿರ ನಿಂತಿದ್ದು, ಆಮೇಲೆ ಮನೆಗೆ ಹೋದಳು.

"ಬಂದಿದ್ನಂತಲ್ಲ, ಏನಂದ?" ಅತ್ತೆ ಕೇಳಿದರು.

"ಮಲಗಿಬಿಟ್ಟಿದ್ರು ಅತ್ತೆ."

"ಅಷ್ಟು ದೂರದಿಂದ ಬಂದು ಮಲಗಿದ್ನಾ? ನೀನೇನು ಮಾಡಿದೆ?"

"ನೋಡ್ತಾ ಕೂತಿದ್ದೆ."

ಅತ್ತೆ ಎದ್ದು ಹೋಗಿ ಅವಳಿಗೆ ಕೈಕಾಲು ತೊಳೆಯಲು ನೀರು ಕಾಯಿಸಿದರು.