ಆಗ್ನೆಸ್ ಹೇಳಿದ ಹೆಸರು

ಉಪ್ಪಿನ ಬಯಲಿನ ಅಂಚಿಗಿದ್ದ ಜಾಲಿ ತೋಪು ಆಗ್ನೆಸ್‌ಳ ತಾಯಿಯ ಕಡೆಯದು. ಅಮೆರಿಕದ ಆ ಕಣಿವೆಯ ಮೂಲನಿವಾಸಿಗಳಾದ ಶೋಶೋನಿ ಜನ ಒಣಕೊಂಬೆ ಸವರಿ, ಬುಡಕ್ಕೆ ನುಗ್ಗಿದ ಮರಳು ಎತ್ತಿ ಮರಗಳನ್ನು ಸಾಕಿದ್ದರು. ಅವುಗಳ ಸಿಹಿಕಾಯಿ ಕುಟ್ಟಿ ಹಿಟ್ಟು ಮಾಡಿ ವರ್ಷವೆಲ್ಲ ತಿಂದಿದ್ದರು. ಈಗ ಸರ್ಕಾರದವರು ಕಣಿವೆಯನ್ನೆಲ್ಲ ರಕ್ಷಿತ ಉದ್ಯಾನ ಮಾಡಿ, ಮರ ಮುಟ್ಟಬೇಡಿ ಎಂದಿದ್ದರು.

ಚಳಿ ಕಳೆದ ಮೇಲೆ ಒಬ್ಬ ಸಾಹೇಬ ಕಾಗದ ಹಿಡಿದು ಬಂದ. ಮೊದಲಿನಿಂದ ಇದ್ದವರ ಹೆಸರು ಬರೆಸಿದರೆ ತೋಪು ನಿಮ್ಮದೇ, ಇಲ್ಲದಿದ್ದರೆ ಬೇಲಿ ಹಾಕುತ್ತೇವೆ ಎಂದ. ಅವನ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಿದವನು ಆಗ್ನೆಸ್‌ಳ ತಂಗಿಯ ಮಗ ವಿಲ್ಬರ್.

ಸತ್ತವರ ಹೆಸರನ್ನು ಅವರಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹೋಗುತ್ತಿರುವವರು ದಾರಿ ಬಿಟ್ಟು ವಾಪಸು ಬರುತ್ತಾರೆ. ಅದಕ್ಕೇ ಆಗ್ನೆಸ್ ಸಾಹೇಬನನ್ನು ಕರೆದೊಯ್ದು ತೋರಿಸಿದಳು: ಈ ಒರತೆ ತೋಡಿದವಳು, ಈ ಬಾಗಿದ ಮರದ ಕೆಳಗೆ ನನ್ನನ್ನು ಹೆತ್ತವಳು. ಕಾಯಿ ಕುಟ್ಟಿ ಕುಟ್ಟಿ ಬಂಡೆಯಲ್ಲಿ ಬಿದ್ದ ಕುಳಿಗೆ ಅವನ ಕೈಯನ್ನೇ ಇಳಿಸಿದಳು. ಮೊಣಕೈವರೆಗೆ ಹೋಯಿತು.

"ಏನ್ ಬರ್ಕೊಂಡ?" ಎಂದು ಆಮೇಲೆ ಕೇಳಿದಳು.

"ಯಾರೂ ಇಲ್ಲ ಅಂತ, ದೊಡ್ಡವ್ವ." ವಿಲ್ಬರ್ ನಗಿಸಲು ನೋಡಿದ. "ನೀನು ಬಂಡೆಗೇ ಹುಟ್ಟಿದ್ದು ಅಂದ್ಕೊಂಡಿರ್ಬೇಕು."

ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ಸಾಹೇಬ ಕಾರಿಗೆ ಸಾಮಾನು ಏರಿಸುವಾಗ ಎದುರು ನಿಂತು ತಾಯಿಯ ಹೆಸರನ್ನು ಹೇಳಿಬಿಟ್ಟಳು. ನಲವತ್ತು ವರ್ಷದಿಂದ ಯಾರ ಬಾಯಲ್ಲೂ ಬಾರದ ಹೆಸರು. ಇಲ್ಲಿಯೂ ಬರೆಯುವುದು ಬೇಡ. ವಿಲ್ಬರ್ ಮುಖ ತಿರುಗಿಸಿಕೊಂಡ.

ಸಾಹೇಬ ಕಣಿವೆಯ ಜನರ ಹಳೇ ಪಟ್ಟಿಯೊಂದರ ಮೇಲೆ ಬೆರಳಾಡಿಸಿದ. ಅಂಥ ಹೆಸರೇ ಇಲ್ಲವಲ್ಲ ಎಂದ. ಟೋಪಿ ಮುಟ್ಟಿ ಹೊರಟ. ಆ ಪಟ್ಟಿ ಬರೆಯಲು ಜನ ಬಂದದ್ದು ಅವಳ ತಾಯಿ ತೀರಿಹೋದ ವರ್ಷ. ಆಗಲೂ ಯಾರೂ ಹೆಸರು ಹೇಳಿರಲಿಲ್ಲ.

ಬೇಲಿ ಬಂತು. ಒಂದು ಫಲಕವೂ ಬಂತು. ಈ ಬಯಲಿನಲ್ಲಿ ಎಂದೂ ಮನುಷ್ಯರು ನೆಲೆಸಿದ್ದಿಲ್ಲ ಎಂದು ವಿಲ್ಬರ್ ಓದಿ ಹೇಳಿದ.

ಬೇಸಿಗೆ ಹತ್ತಿದರೆ ಆ ಕಣಿವೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಬೆಟ್ಟಕ್ಕೆ ಹೋಗುತ್ತಾರೆ. ವಿಲ್ಬರ್ ಗಾಡಿ ತಂದು ನಿಲ್ಲಿಸಿದಾಗ ಆಗ್ನೆಸ್ ಬಾಗಿಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಎರಡು ಬಟ್ಟಲು.

"ಏಳು ದೊಡ್ಡವ್ವ. ಇಲ್ಲಿದ್ರೆ ಒಣಗಿ ಹೋಗ್ತೀಯ."

"ಅವ್ವನ್ನ ಕೂಗಿದ್ದು ನಾನೇ ಅಲ್ವೇನೋ," ಎಂದಳು. "ಬಂದು ಬೇಲಿ ನೋಡ್ತಾಳೆ. ಮನೇಲೂ ಯಾರೂ ಇಲ್ದಿದ್ರೆ ಅವಳು ಎಲ್ಲಿಗೆ ಹೋಗ್ಬೇಕು?"

ವಿಲ್ಬರ್ ಗಾಡಿಯ ಕಡೆ ನಡೆದ. ಗಾಡಿಯಲ್ಲಿ ಅವನ ಮಕ್ಕಳು ಬಿಸಿಲಿಗೆ ಅಳುತ್ತಿದ್ದವು. ಇದ್ದ ನೀರಿನ ಪಾತ್ರೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಅವಳ ಬಾಗಿಲಲ್ಲಿ ಇಳಿಸಿ, ಬೆಟ್ಟದ ಕಡೆ ಗಾಡಿ ತಿರುಗಿಸಿದ.