ತಟ್ಟಿದವನೇ ಹೇಳಬೇಕು

ಹನುಮೇಶನ ಕೈಲಿದ್ದ ಕಬ್ಬಿಣದ ಪೈಪನ್ನು ಮಲಕವ್ವ ಎರಡೂ ಕೈಯಿಂದ ಹಿಡಿದು ಎಳೆಯುತ್ತಿದ್ದಳು. ಶಾಮಿಯಾನದವರು ಹೆಚ್ಚಾಯಿತೆಂದು ಗೋಡೆಗೆ ಒರಗಿಸಿಟ್ಟಿದ್ದ ಪೈಪು ಅದು. ಮುಂಬಾಗಿಲಲ್ಲಿ ಭಜನೆಯ ತಾಳ ಕೇಳುತ್ತಿತ್ತು. ಇಲ್ಲಿ ಹಿಂದೆ, ನೀರಿನ ಡ್ರಮ್ಮುಗಳ ನಡುವೆ, ಗಂಡ ಸತ್ತು ಎರಡು ದಿನ ತುಂಬದ ಹೆಂಗಸೂ ಅವನ ಶಿಷ್ಯನೂ ಹಗ್ಗಜಗ್ಗಾಟ ಆಡುವವರ ಹಾಗೆ ನಿಂತಿದ್ದರು.

“ಬಿಡು ಅಂದ್ರ ಬಿಡಬೇಕು, ಹನುಮ್ಯಾ.”

“ಕಾಕಿ, ಅವ ಬರಾಕತ್ತಾನ. ಫೇಸ್‌ಬುಕ್ಕಿನ್ಯಾಗ ಹಾಕ್ಯಾನ, ನನ್ನ ಗುರುವಿನ ಅಂತಿಮ ದರ್ಶನಕ್ಕೆ ಹೊರಟಿದ್ದೀನಿ ಅಂತ. ಆ ಕೃಷ್ಣನ ಬಾಯಿ ಒಡೀಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದಾಂವನ ಅಲ್ಲ!”

“ಒಡದ್ರ ನಾಳಿಗೆ ಅವನ ದೊಡ್ಡಾಂವ ಆಕ್ಕಾನ. ಗುರುವಿನ ಮಣ್ಣಿಗೆ ಬಂದಾಂವನ್ನ ಬಡದ್ರು ಅಂತ ಮಂದಿ ಎಲ್ಲಾ ಅವನ ಕಡೀಗಿ ಆಕ್ಕಾರ. ನನಗ ಅವನ ರಕ್ತ ಬ್ಯಾಡ. ಇವರನ್ನ ಮಣ್ಣಾಗ ಇಡೂದ್ರೊಳಗ ಅವ ಒಪ್ಕೋಬೇಕು, ನಾ ತಟ್ಟಿದ್ದೆ ಅಂತ. ಮಂದಿ ಮುಂದ.”

“ಎರಡು ವರ್ಷ ಒಪ್ಪದಾಂವ ಇವತ್ತ ಒಪ್ತಾನ?”

“ಒಪ್ಪಸ್ತೀನಿ.”

ಪೈಪು ಅವಳ ಕೈಗೆ ಬಂತು. ಅದನ್ನು ಡ್ರಮ್ಮಿನ ಹಿಂದೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಗಂಡನ ಪಕ್ಕದಲ್ಲಿ ಕೂತಳು.

ಗದಿಗೆಪ್ಪ ಪಡಸಾಲೆಯ ಗೋಡೆಗೆ ಒರಗಿ ಪದ್ಮಾಸನದಲ್ಲಿ ಕೂತಿದ್ದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮಣ್ಣಿನಲ್ಲೂ ಕೂರಿಸಿಯೇ ಇಡುತ್ತಾರೆ. ಹಣೆ, ತೋಳು, ತೊಡೆಗಳ ಮೇಲೆ ದಪ್ಪಗೆ ವಿಭೂತಿ ಬಳಿದಿದ್ದರು. ವಯಸ್ಸು ನಲವತ್ತೆಂಟು. ಬಾಗಲಕೋಟೆ ಕಡೆಯ ಗರಡಿಯಲ್ಲಿ ಬೆಳೆದ ಪೈಲ್ವಾನ. ಹೊಟ್ಟೆಪಾಡಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದ. ಬೆಳಿಗ್ಗೆ ಐದಕ್ಕೆ ಬಾಗಲಗುಂಟೆಯ ಒಂದು ಶೀಟಿನ ಶೆಡ್ಡಿನಲ್ಲಿ ಹುಡುಗರಿಗೆ ಕಾಳಗ ಕಲಿಸುತ್ತಿದ್ದ. ಟಿವಿಯಲ್ಲಿ ಬರುತ್ತದಲ್ಲ, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ್ದು, ಅದು. ನಿನ್ನೆ ಬೆಳಿಗ್ಗೆ ಅದೇ ಶೆಡ್ಡಿನ ಬೀಗ ತೆಗೆಯುತ್ತ ಕುಸಿದವನು ಮತ್ತೆ ಏಳಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ವಾದ ಏರಿತ್ತು. ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ತೋಚದ ಗಂಡಸರಿಗೆ ಒಂದು ವಾದ ಸಿಕ್ಕಿದರೆ ಸಾಕು, ಕಾಫಿ ಆರುವುದೂ ಗೊತ್ತಾಗುವುದಿಲ್ಲ.

“ಗುರು, ರೆಕಾರ್ಡ್ ನೋಡ್ಬೇಕು ಕಣೋ,” ಎಂದ ಸಿದ್ದರಾಜು. ಅವನೂ ಶೆಡ್ಡಿಗೆ ಬರುತ್ತಿದ್ದವನೇ, ಕ್ಯಾಬ್ ಓಡಿಸುತ್ತಾನೆ. “ಹದಿನಾಲ್ಕು ಫೈಟು, ಒಂದೂ ಸೋತಿಲ್ಲ. ಒಂದ್ಸಲನೂ ಟ್ಯಾಪ್ ಮಾಡಿಲ್ಲ. ಗ್ರೇಟೆಸ್ಟ್ ಅಂದ್ರೆ ಕೃಷ್ಣನೇ. ಇಂಡಿಯಾದಲ್ಲಿ ಇನ್ಯಾರಿದಾರೆ ತೋರ್ಸು?”

“ಟ್ಯಾಪು ಅಂದ್ರೆ ಎಂತದ್ಲಾ?” ಎಂದು ಮನೆ ಮಾಲೀಕ ಹನುಮಂತಯ್ಯ ಕೇಳಿದ.

“ಕುತ್ತಿಗೆಗೆ ಲಾಕ್ ಹಾಕ್ತಾರೆ ಅಂಕಲ್. ಉಸಿರು ಕಟ್ಟುತ್ತೆ. ಆಗಲ್ಲಪ್ಪಾ ಅನ್ನಿಸ್ತಂದ್ರೆ ಎದುರಿನವನ ಮೈಮೇಲೆ ಎರಡ್ಸಲ ತಟ್ಟಬೇಕು. ತಟ್ಟಿದ್ನೋ, ಸೋತ.”

“ಹದಿನಾಕು ಕುರಿ ಕೆಡವಿದ್ರ ಹುಲಿ ಆಕ್ಕಾನೇನು?” ಗದಿಗೆಪ್ಪನ ಗರಡಿಯ ಗೆಳೆಯ ಕರಿಬಸಪ್ಪ ಮೂಲೆಯಿಂದ ಗುರುಗುಟ್ಟಿದ. “ಎಂಥಾವ್ರ ಜೋಡಿ ಹಿಡದ ಅನ್ನೂದು ನೋಡಬೇಕು.”

ಅಲ್ಲಿಂದ ಮಾತು ಬ್ರೆಜಿಲಿಗೆ ಹೋಯಿತು, ರಷ್ಯಾಕ್ಕೆ ಹೋಯಿತು. ಯಾರು ಎಷ್ಟು ವರ್ಷ ಬೆಲ್ಟ್ ಉಳಿಸಿಕೊಂಡರು, ಯಾರು ತಮಗಿಂತ ಮೂವತ್ತು ಕಿಲೋ ಹೆಚ್ಚಿದ್ದವರನ್ನು ಕೆಡವಿದರು, ಯಾರು ಮದ್ದು ತಿಂದು ಸಿಕ್ಕಿಬಿದ್ದರು. ಸಿದ್ದರಾಜುವಿಗೆ ಎಲ್ಲ ಬಾಯಿಪಾಠ. ಹನುಮಂತಯ್ಯ ಸೋಲುವ ಪೈಕಿ ಅಲ್ಲ. “ನಮ್ ತಾತನ ಕಾಲ್ದಲ್ಲಿ ಒಬ್ನಿದ್ದ ಕಣಪ್ಪ, ಗೂಳಿ ಕೊಂಬು ಇಡ್ಕಂಡು ಅಂಗೇ ನಿಲ್ಲುಸ್ಬುಡೋನು. ಅವನ ಮುಂದೆ ನಿಮ್ ರಷ್ಯಾದೋನು ಯಾವ ಲೆಕ್ಕ?” ಎಂದ.

ಎಲ್ಲರೂ ನಕ್ಕರು. ಕರಿಬಸಪ್ಪ ನಗಲಿಲ್ಲ. “ಹಿಡಿಯೂದು ಎಲ್ಲಾರಿಗೂ ಬರತೈತ್ರೀ. ಯಾವಾಗ ಬಿಡಬೇಕು ಅನ್ನೂದು ತಿಳದಾಂವ ಪೈಲ್ವಾನ.”

“ಬಿಟ್ರೆ ಸೋಲ್ತಾರೆ ಅಣ್ಣ. ಅವನು ತಟ್ಟಿದ್ರೂ ಬಿಡಬಾರ್ದು, ರೆಫ್ರಿ ಬಂದು ಬಿಡಿಸೋವರ್ಗೂ ಹಿಡ್ಕೊಂಡಿರ್ಬೇಕು. ಅದೇ ಫಸ್ಟ್ ಪಾಠ,” ಎಂದ ಸಿದ್ದರಾಜು.

ಒಳಗೆ ಕೂತಿದ್ದ ಮಲಕವ್ವನಿಗೆ ಇದೆಲ್ಲ ಕೇಳಿಸುತ್ತಿತ್ತು. ಆ ಪಾಠ ಅವಳ ಗಂಡನಿಗೆ ಕೊನೆಗೂ ಬರಲಿಲ್ಲ.

*

ಅದು ಎರಡು ವರ್ಷದ ಹಿಂದೆ, 2013. ವೈಟ್‌ಫೀಲ್ಡ್ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಕಾಳಗ ಇಟ್ಟಿದ್ದರು. ಹಿಂದಿನ ದಿನದ ಮದುವೆಯ ಹೂವಿನ ಸರ ಇನ್ನೂ ನೇತಾಡುತ್ತಿತ್ತು. ಅದರ ಮುಂದೆಯೇ ಬಲೆ ಕಟ್ಟಿದ ಪಂಜರ. ಕೃಷ್ಣ ಆಗ ಗದಿಗೆಪ್ಪನ ಶಿಷ್ಯ. ಪಟ್ಟಂದೂರು ಅಗ್ರಹಾರದ ಹಳೇ ಮನೆತನದವ. ವಾರಕ್ಕೆ ಮೂರು ದಿನ ಬುಲೆಟ್ ಹತ್ತಿ ಬಾಗಲಗುಂಟೆಗೆ ಬಂದು ಪಟ್ಟು ಕಲಿಯುತ್ತಿದ್ದ. ಅವತ್ತು ಅವನ ಮೊದಲ ಕಾಳಗ. ಪುಣೆಯಿಂದ ಬರಬೇಕಾಗಿದ್ದ ಎದುರಾಳಿ ಬರಲಿಲ್ಲ. ಮಂಟಪ ಕಿಕ್ಕಿರಿದಿತ್ತು. ಸಂಘಟಕರು ಗದಿಗೆಪ್ಪನ ಬಳಿ ಬಂದು ಕೈಮುಗಿದರು.

“ಶಿಷ್ಯನ ಜೋಡಿ ನಾಕು ಪಟ್ಟು ಆಡಿದ್ರ ಏನ್ ಮೈ ಸವೀತೈತಿ?” ಎಂದು ನಕ್ಕು ಅವನು ಅಂಗಿ ಬಿಚ್ಚಿದ.

ಮಲಕವ್ವ ಅಂಥದ್ದಕ್ಕೆ ಹೋಗಿದ್ದು ಅದೇ ಮೊದಲು. ಬಲೆಯ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಮೂರನೇ ನಿಮಿಷಕ್ಕೆ ಗದಿಗೆಪ್ಪ ಶಿಷ್ಯನ ಬೆನ್ನು ಹತ್ತಿ ಕುತ್ತಿಗೆಗೆ ತೋಳು ಸುತ್ತಿದ. ಕೃಷ್ಣನ ಮುಖ ಕೆಂಪಾಯಿತು, ಕಣ್ಣು ಮೇಲಾದವು. ಅವನ ಎಡಗೈ ಗದಿಗೆಪ್ಪನ ತೊಡೆಯ ಮೇಲೆ ಪಟಪಟ ಎರಡು ಸಲ ತಟ್ಟಿತು. ಮಲಕವ್ವ ಇಷ್ಟು ಹತ್ತಿರದಿಂದ, ಒಲೆಯ ಮೇಲಿನ ರೊಟ್ಟಿ ನೋಡಿದಂತೆ ನೋಡಿದಳು. ರೆಫ್ರಿ ಆ ಕಡೆ ನಿಂತಿದ್ದ. ಕ್ಯಾಮರಾವೂ ಆ ಕಡೆಗೇ ಇತ್ತು.

ಗದಿಗೆಪ್ಪ ಬಿಟ್ಟುಬಿಟ್ಟ. ಗರಡಿಯಲ್ಲಿ ಬೆಳೆದವನಿಗೆ ಅದು ಕಲಿತ ವಿದ್ಯೆಯಲ್ಲ, ಸ್ವಭಾವ. ಎದುರಿನವ ಸೋತೆನೆಂದರೆ ಮುಗಿಯಿತು, ಬಿಟ್ಟು, ಎಬ್ಬಿಸಿ, ಅವನ ಬೆನ್ನಿನ ಮಣ್ಣು ಝಾಡಿಸಬೇಕು. ಎಬ್ಬಿಸಲೆಂದೇ ಅವನು ಕೈ ಚಾಚಿದ. ಕೃಷ್ಣನ ಮೊಣಕೈ ಬಂದು ಅವನ ಎಡಗಿವಿಯ ಕೆಳಗೆ ಬಿತ್ತು. ಬಿದ್ದವನಿಗೆ ಮತ್ತೆ ಮೂರು ಗುದ್ದು. ರೆಫ್ರಿ ಓಡಿ ಬಂದು ಕೃಷ್ಣನ ಕೈ ಮೇಲೆತ್ತಿದ. ಗುರುವಿಗೇ ತಿರುಮಂತ್ರ ಎಂದರೆ ಇದೇ.

“ತಟ್ಟ್ಯಾನ್ರೀ! ಅವ ತಟ್ಟ್ಯಾನ್ರೀ!” ಎಂದು ಮಲಕವ್ವ ಬಲೆ ಹಿಡಿದು ಕಿರುಚಿದಳು.

“ಪಾಪ, ಗಂಡ ಸೋತಿದ್ದು ತಡ್ಕೊಳ್ಳೋಕಾಗ್ತಿಲ್ಲ,” ಎಂದು ಯಾರೋ ನಕ್ಕರು. ಕೃಷ್ಣನನ್ನೇ ಕೇಳಿದಾಗ, “ನಾನ್ಯಾಕೆ ತಟ್ಲಿ? ಕೈ ಜಾರಿರ್ಬೇಕು,” ಎಂದ. ಗುರುವಿನ ಮುಖ ಮಾತ್ರ ನೋಡಲಿಲ್ಲ. ಆಮೇಲೆ ಶೆಡ್ಡಿನ ಕಡೆ ತಲೆಯನ್ನೂ ಹಾಕಲಿಲ್ಲ. ವೈಟ್‌ಫೀಲ್ಡಿನಲ್ಲಿ ಗಾಜಿನ ಗೋಡೆಯ ಜಿಮ್ ತೆರೆದು, ಬಾಗಿಲ ಮೇಲೆ ‘ಎಂದೂ ತಟ್ಟದವನು’ ಎಂದು ಬರೆಸಿಕೊಂಡ.

ಗದಿಗೆಪ್ಪನ ಎಡಗಿವಿ ಹೋಯಿತು. ತಲೆನೋವು ಬಂತು, ಕೈ ನಡುಗತೊಡಗಿತು. ನಡುಗುವ ಕೈಯವನನ್ನು ಪ್ರೆಸ್ಸಿನ ಹತ್ತಿರ ಯಾರು ಬಿಡುತ್ತಾರೆ? ಕಸ ಗುಡಿಸಲು ಹಾಕಿದರು. ಅವನು ಅದನ್ನೂ ನಗುತ್ತಲೇ ಮಾಡಿದ. ಮಲಕವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

“ನಿಮಗ ಬಾಯಿಲ್ಲೇನು? ಅವ ತಟ್ಟಿದ್ದ ಅಂತ ಒಂದು ಮಾತು ಹೇಳ್ರಲಾ!”

“ತಟ್ಟಿದ್ದನ್ನ ತಟ್ಟಿದಾಂವನ ಹೇಳಬೇಕ ಮಲಕಿ. ಬಿಟ್ಟಾಂವ ಹೇಳಿದ್ರ ಬೇಡಿದಂಗ ಆಕ್ಕೈತಿ.”

*

ಕೃಷ್ಣ ಹನ್ನೊಂದಕ್ಕೆ ಬಂದ. ಕಪ್ಪು ಕಾರು, ಬಿಳಿ ಅಂಗಿ, ಹಿಂದೆ ಫೋನು ಎತ್ತಿ ಹಿಡಿದ ಮೂವರು. ಶಾಮಿಯಾನದಲ್ಲಿ ಕೂತವರೆಲ್ಲ ಎದ್ದು ನಿಂತರು. ಸಿದ್ದರಾಜು ಓಡಿ ಹೋಗಿ ಚಪ್ಪಲಿ ಬಿಡಲು ಜಾಗ ಮಾಡಿಕೊಟ್ಟ. ಕೃಷ್ಣ ಗುರುವಿನ ಪಾದದ ಮೇಲೆ ಹಣೆ ಇಟ್ಟು, ಫೋನುಗಳು ಸರಿಯಾಗಿ ಹಿಡಿಯುವಷ್ಟು ಹೊತ್ತು ಹಾಗೇ ಇದ್ದ.

“ಅಮ್ಮಾ, ಏನ್ ಬೇಕಾದ್ರೂ ಹೇಳಿ. ನಾನು ಮಗ ಇದ್ದ ಹಾಗೆ.”

ಹನುಮೇಶನ ಹಲ್ಲು ಕಟಕಟ ಅಂದವು. ಮಲಕವ್ವ ಅವನ ಕಡೆ ಒಮ್ಮೆ ನೋಡಿ, ಕೃಷ್ಣನಿಗೆ ಹೇಳಿದಳು: “ಬಂದಿ ತಮ್ಮಾ? ಚಲೋ ಆತು. ನಿಮ್ಮ ಗುರು ಭಾರ ಅದಾರ. ಕುಣ್ಯಾಗ ಇಳದು ಹಿಡ್ಯಾಕ ಗಟ್ಟಿ ತೋಳಿನಾಂವ ಬೇಕಾಗಿದ್ದ.”

“ನಾನೇ ಇಳೀತೀನಮ್ಮ,” ಎಂದ ಅವನು ಫೋನಿನ ಕಡೆ ತಿರುಗಿ.

ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಗದಿಗೆಪ್ಪನನ್ನು ಕೂರಿಸಿ, ಹೆಗಲ ಮೇಲೆ ಹೊತ್ತು ಹೊರಟರು. ಹಿಂದೆ ಮಲಕವ್ವನೂ ಹೊರಟಳು. “ಎಂಗಸ್ರು ಅಲ್ಲಿಗೆಲ್ಲ ಬರಬಾರ್ದು ಕಣವ್ವ,” ಎಂದ ಹನುಮಂತಯ್ಯ.

“ನಮ್ಮ ಕಡೀಗಿ ಬರ್ತಾರ್ರೀ,” ಎಂದು ಅವಳು ನಿಲ್ಲದೆ ನಡೆದಳು.

ರುದ್ರಭೂಮಿಯಲ್ಲಿ ಕುಣಿ ಆಳವಾಗಿ ತೋಡಿದ್ದರು. ಕೃಷ್ಣ, ಹನುಮೇಶ ಇಬ್ಬರೂ ಇಳಿದು, ಮೇಲಿಂದ ಕೊಟ್ಟ ದೇಹವನ್ನು ತಬ್ಬಿ ತೆಗೆದುಕೊಂಡು ಕೂರಿಸಿದರು. ಹನುಮೇಶ ಮೇಲೆ ಬಂದ. ಕೃಷ್ಣ ಗುರುವಿನ ಎದುರು ಮಂಡಿಯೂರಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಬಿಗಿ ಹಿಡ್ಯಪಾ,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ನಾರು. “ಬಿಟ್ರ ದೇಹ ಮುಂದಕ್ಕ ಮುಗ್ಗರಸ್ತೈತಿ, ಅಪಚಾರ. ಎದಿಮಟ ಮಣ್ಣು ಬಿದ್ದಮ್ಯಾಲ ತಾನ ನಿಂದರತೈತಿ, ಆಗ ಬಿಟ್ಟು ಮ್ಯಾಲ ಬಾ.” ಆಮೇಲೆ ಮಲಕವ್ವನ ಕಡೆ ತಿರುಗಿದರು. “ಮಕ್ಕಳಿಲ್ಲ. ಮೊದಲ ಮಣ್ಣು ನಿಂದವ್ವಾ. ನೀ ಹಾಕೂತನಾ ಯಾರೂ ಹಾಕೂದಿಲ್ಲ.”

ಮಲಕವ್ವ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು. ಕುಣಿಯ ಅಂಚಿಗೆ ಬಂದು ನಿಂತಳು. ಕೈ ಮುಂದೆ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ.

“ಕೃಷ್ಣಾ, ಅವತ್ತು ಮಂಟಪದಾಗ ನೀ ತಟ್ಟಿದ್ದಿ, ಹೌದಲ್ಲೋ?”

ಭಜನೆ ನಿಂತಿತು. ಕೃಷ್ಣ ತಲೆಯೆತ್ತಿದ. “ಏನಮ್ಮಾ, ಇಂಥ ಹೊತ್ತಲ್ಲಿ…”

“ಇಂಥ ಹೊತ್ತಿನ್ಯಾಗನ. ಮುಂದ ನನಗ ಹೊತ್ತಿಲ್ಲ.”

“ತಾಯೀ, ಹೊತ್ತು ಮೀರತೈತಿ,” ಎಂದರು ಅಯ್ನಾರು.

“ಮೀರ್ಲಿ ಅಜ್ಜಾರ. ಎರಡು ವರ್ಷ ಮೀರೈತಿ.”

ಕರಿಬಸಪ್ಪ ಸಲಿಕೆ ನೆಲಕ್ಕೆ ಊರಿ ಅದರ ಮೇಲೆ ಕೈಯಿಟ್ಟು ನಿಂತ. ಮೂರು ಫೋನುಗಳು ಎತ್ತಿದಂತೆಯೇ ಇದ್ದವು. ಬೆನ್ನಿಗೆ ಬಿದ್ದ ಬಿಸಿಲಿಗೆ ಕೃಷ್ಣನ ಅಂಗಿ ಒದ್ದೆಯಾಯಿತು. ಹೆಣದ ಭಾರ ಎಂದರೆ ಸಾಮಾನ್ಯವಲ್ಲ, ಹೊತ್ತು ಹೋದಂತೆ ಏರುತ್ತದೆ. ಅವನ ತೋಳು ನಡುಗತೊಡಗಿತು. ಬಿಟ್ಟರೆ ಗುರು ಎಲ್ಲರೆದುರು ಮುಗ್ಗರಿಸಿ ತನ್ನ ಮೈಮೇಲೇ ಬೀಳುತ್ತಾನೆ. ಹಿಡಿದೇ ಇರಲು ಇನ್ನೆಷ್ಟು ಹೊತ್ತು?

“ಯಾರಾದ್ರೂ ಮಣ್ಣು ಹಾಕ್ರೋ,” ಎಂದ. “ಸಿದ್ದರಾಜು, ಏ ಮಗಾ!”

ಸಿದ್ದರಾಜು ತನ್ನ ಹಿಡಿಯಲ್ಲಿದ್ದ ಮಣ್ಣನ್ನು ನೋಡಿದ, ಮಲಕವ್ವನನ್ನು ನೋಡಿದ. ನಿಂತಲ್ಲೇ ನಿಂತ.

ವಿಭೂತಿ ಬಳಿದ ಮುಖ ಒಂದು ಗೇಣಿನಷ್ಟು ಹತ್ತಿರವಿತ್ತು. ಕೃಷ್ಣ ಕಣ್ಣು ಮುಚ್ಚಿಕೊಂಡ. ಆ ತಲೆಯನ್ನು ತನ್ನ ಭುಜಕ್ಕೆ ಒರಗಿಸಿ, ಎಡಗೈ ಬಿಡಿಸಿಕೊಂಡು, ಗುರುವಿನ ತೊಡೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದ.

“ನನಗ ಕಾಣ್ಲಿಲ್ಲ,” ಎಂದಳು ಮಲಕವ್ವ.

ಅವನು ಮತ್ತೆ ತಟ್ಟಿದ. ಈ ಸಲ ಅಂಗೈ ಬಿಚ್ಚಿ, ಜೋರಾಗಿ. ಮತ್ತೊಂದು. ಮತ್ತೊಂದು. ಮೇಲೆ ನಿಂತವರಿಗೆಲ್ಲ ಆ ಸದ್ದು ಕೇಳಿತು. ಒಂದೊಂದು ಏಟಿಗೂ ತೊಡೆಯ ಮೇಲಿನ ವಿಭೂತಿ ಎದ್ದು ಅವನ ಗಡ್ಡಕ್ಕೆ, ರೆಪ್ಪೆಗೆ, ತೆರೆದ ಬಾಯಿಗೆ ಹತ್ತುತ್ತಿತ್ತು. ಬಿಡಿಸಲು ಇಲ್ಲಿ ರೆಫ್ರಿ ಇರಲಿಲ್ಲ. ಮಲಕವ್ವನ ಚಾಚಿದ ಕೈ ಚಾಚಿದಂತೆಯೇ ಇತ್ತು, ಮುಷ್ಟಿ ಬಿಗಿದಂತೆಯೇ ಇತ್ತು.