ವಾಪಸ್ ಕರೆದ ವರದಿ

ಆ ಮಂಗಳವಾರ ಸುಮನ ಭಾಲ್ಕಿಯಿಂದ ದಿನದ ಬಸ್ಸಿಗಿಂತ ಒಂದು ಗಂಟೆ ಮೊದಲಿನ ಬಸ್ಸು ಹತ್ತಿದಳು. ಬೀದರಿನಲ್ಲಿಳಿದು, ಆಟೊ ಹಿಡಿದು ಚಿದ್ರಿಗೆ ಬಂದರೆ, ಪ್ರಯೋಗಾಲಯದ ಮಾಲೀಕ ಅಶೋಕಕುಮಾರ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಮಾವಿನೆಲೆ ತೋರಣ, ಮೇಜಿನ ಮೇಲೊಂದು ಶಾಲು ಮತ್ತು ಹಾರ.

“ಇದೆಲ್ಲ ಯಾಕ್ರಿ ಸರ್?” ಎಂದಳು ಸುಮನ.

“ಹೈದರಾಬಾದದಿಂದ ಸಾಹೇಬ್ರು ಬರ್ಲಕತ್ತಾರ. ಬರೀ ಕೈಲೆ ನಮಸ್ಕಾರ ಮಾಡ್ಲೇನು?”

“ಬರೀ ಕೈಲೇ ಮಾಡ್ರಿ. ನಮ್ಮನ್ನ ಪರೀಕ್ಷಾ ಮಾಡೋರಿಗಿ ಶಾಲು ಹೊದಿಸಿದ್ರ ಅದನ್ನೇ ಮೊದಲನೇ ತಪ್ಪಂತ ಬರೀತಾರ.”

ಅಶೋಕಕುಮಾರ ಮುಖ ಸಣ್ಣದು ಮಾಡಿಕೊಂಡು ಶಾಲನ್ನು ಕಪಾಟಿನಲ್ಲಿಟ್ಟ.

ಅವನದು ನಾಲ್ಕು ಕೋಣೆಗಳ ಪ್ರಯೋಗಾಲಯ. ಕಾಳು, ನೀರು, ಮಣ್ಣು ತಂದವರಿಗೆ ಪರೀಕ್ಷೆ ಮಾಡಿ ವರದಿ ಕೊಡುವುದು ಕೆಲಸ. ಅದರ ಗುಣಮಟ್ಟದ ಹೊಣೆ ಹೊತ್ತವಳು ಸುಮನ. ಪರೀಕ್ಷೆ ಮಾಡುವವರೇ ಹೇಗಿರಬೇಕು ಎಂದು ಹೇಳುವ ಅಂತರರಾಷ್ಟ್ರೀಯ ನಿಯಮಗಳಿವೆ, ಐಎಸ್‌ಒ 17025 ಎಂದು ಅವುಗಳ ಹೆಸರು. ಅಶೋಕಕುಮಾರನ ಬಾಯಲ್ಲಿ ಅದು ಹಿಂದಿಯ ‘ಸತ್ರಾ ಹಜಾರ್ ಪಚ್ಚೀಸ್’. ಅದರಂತೆ ಮಾನ್ಯತೆ ಸಿಕ್ಕಿದರೆ ಚಿದ್ರಿಯಲ್ಲಿ ಬರೆದ ವರದಿಯನ್ನು ದುಬೈನಲ್ಲಿಯೂ ಒಪ್ಪುತ್ತಾರೆ. ಎರಡು ವರ್ಷ ಸುಮನ ಅದಕ್ಕಾಗಿಯೇ ದುಡಿದಿದ್ದಳು. ಅದನ್ನೆಲ್ಲ ಎರಡು ದಿನ ಕೂತು ತಪಾಸಣೆ ಮಾಡಲು ಮಾನ್ಯತೆ ಕೊಡುವ ಸಂಸ್ಥೆಯ ಪರವಾಗಿ ಮುನೀರೋದ್ದೀನ ಎಂಬ ಹಿರಿಯ ಪರಿವೀಕ್ಷಕರು ಇವತ್ತು ಬರುವವರಿದ್ದರು.

ಒಂದು ಕೆಲಸ ಮಾತ್ರ ಬಾಕಿ ಉಳಿದಿತ್ತು. ಕಾಳು ಒಣಗಿಸುವ ಓವನ್ನಿನ ಬಿಸಿಯನ್ನು ಪ್ರತಿ ಸೋಮವಾರ ಬೇರೊಂದು ಥರ್ಮಾಮೀಟರಿನಿಂದ ತಾಳೆ ನೋಡಬೇಕು. ನಿನ್ನೆ ಫೈಲುಗಳ ಗಡಿಬಿಡಿಯಲ್ಲಿ ಸುಮನ ಅದನ್ನು ಬಿಟ್ಟಿದ್ದಳು. ಈಗ ಓವನ್ ಹಚ್ಚಿ, ಥರ್ಮಾಮೀಟರು ಒಳಗಿಟ್ಟು ಕಾದಳು. ಓವನ್ನಿನ ಮೇಲೆ 130 ಎಂದು ಕೆಂಪು ಅಂಕಿ ಬಂತು. ಥರ್ಮಾಮೀಟರು 139 ಎಂದಿತು.

ಇನ್ನೊಮ್ಮೆ ನೋಡಿದಳು. ಮತ್ತೆ 139.

ಕಾಳನ್ನು ಓವನ್ನಿನಲ್ಲಿಟ್ಟಾಗ ಎಷ್ಟು ತೂಕ ಇಳಿಯುತ್ತದೋ ಅಷ್ಟು ಅದರ ತೇವ ಎಂದು ಲೆಕ್ಕ. ಓವನ್ ಹೆಚ್ಚು ಕಾದರೆ ತೂಕ ಹೆಚ್ಚು ಇಳಿಯುತ್ತದೆ, ಒಣಗಿದ ಕಾಳೂ ವರದಿಯಲ್ಲಿ ಹಸಿಯಾಗುತ್ತದೆ. ಹಿಂದಿನ ಸೋಮವಾರ ಓವನ್ ಸರಿಯಿತ್ತು. ಆಮೇಲೆ ಹನ್ನೊಂದು ವರದಿಗಳು ಹೋಗಿದ್ದವು.

ಸುಮನ ಕರೆದು ತೋರಿಸಿದಾಗ ಅಶೋಕಕುಮಾರ ಒಳಗೆ ಬಂದು ಬಾಗಿಲು ಮುಚ್ಚಿದ. “ಸುಮನ, ಎರಡು ದಿನ ಸುಮ್ನಿರವ್ವ. ಸಾಹೇಬ್ರು ಹೋದ ಮ್ಯಾಲ ಸರಿ ಮಾಡೋಣು.”

“ಎರಡು ದಿನಾ ಆ ಹನ್ನೊಂದು ಮಂದಿ ಸುಳ್ಳು ಕಾಗದ ಹಿಡ್ಕೊಂಡು ತಿರಗ್ಬೇಕೇನ್ರಿ? ಅವ್ರು ನಂಬಿ ತಂದು ಕೊಟ್ಟಾರ.”

ಅಶೋಕಕುಮಾರ ಗೋಡೆಯ ಹೊಸ ಬಣ್ಣವನ್ನೊಮ್ಮೆ ನೋಡಿದ. ಆಮೇಲೆ ತಾನೇ ಒಂದು ಹಾಳೆಯ ಮೇಲೆ ‘ಬಳಸಬಾರದು’ ಎಂದು ಬರೆದು ಓವನ್ನಿಗೆ ಅಂಟಿಸಿದ.

ಮುನೀರೋದ್ದೀನ ಸಾಹೇಬರು ಒಂಬತ್ತೂವರೆಗೆ ಬಂದರು. ಬಿಳಿ ಗಡ್ಡ, ಕೈಯಲ್ಲಿ ತಮ್ಮದೇ ಊಟದ ಡಬ್ಬಿ. ಅವರು ಕೂರುವ ಮೊದಲೇ ಸುಮನ ಎಲ್ಲ ಹೇಳಿಬಿಟ್ಟಳು. ನಿನ್ನೆ ತಾನು ಬಿಟ್ಟ ತಪಾಸಣೆಯನ್ನೂ ಮುಚ್ಚಿಡಲಿಲ್ಲ.

ಸಾಹೇಬರು ಕನ್ನಡಕ ಏರಿಸಿದರು. “ಹಿಂಗ ಆದ್ರ ಏನ್ ಮಾಡ್ಬೇಕಂತ ನಿಮ್ಮ ಪುಸ್ತಕದಾಗ ಬರ್ದೀರಿ?”

“ಕೆಲಸ ನಿಲ್ಲಿಸ್ಬೇಕು, ವರದಿ ಒಯ್ದೋರಿಗಿ ತಿಳಿಸ್ಬೇಕು, ಮೊಹರು ಹಾಕಿ ತೆಗೆದಿಟ್ಟ ಕಾಳು ಮತ್ತ ಪರೀಕ್ಷಾ ಮಾಡ್ಬೇಕ್ರಿ.”

“ಮತ್ತ ಮಾಡ್ರಿ. ನಾ ಕೂತು ನೋಡ್ತೇನಿ.”

ಸುಮನ ಫೋನು ಹಿಡಿದಳು. ಮೂರನೆಯ ಕರೆ ಔರಾದ ತಾಲೂಕಿನ ಕಾಂತಾಬಾಯಿಗೆ. ಕುರಿ ಸಾಕಿ, ಮಳೆಯನ್ನು ನಂಬಿದ ಹೊಲದಲ್ಲಿ ಬೆಳೆ ತೆಗೆಯುವ ಮೂವತ್ತು ಹೆಂಗಸರು ಸೇರಿ ಹೆಸರುಕಾಳು ಒಟ್ಟುಗೂಡಿಸಿ ಮಾರುತ್ತಿದ್ದರು. ಕಾಂತಾಬಾಯಿ ಅವರ ಮುಖ್ಯಸ್ಥೆ. ಶುಕ್ರವಾರದ ವರದಿಯಲ್ಲಿ ಅವರ ಕಾಳಿನ ತೇವ ಶೇಕಡಾ ಹನ್ನೆರಡೂವರೆ ಎಂದಿತ್ತು. ಕೊಳ್ಳುವವರು ಹನ್ನೆರಡರ ಮೇಲೆ ಬೇಡ ಎಂದಿದ್ದರು.

“ಅಂದ್ರ ನಮ್ಮ ಕಾಳು ಹಸಿ ಇರ್ಲಿಲ್ಲೇನ್ರಿ?” ಎಂದಳು ಕಾಂತಾಬಾಯಿ.

“ಈಗೇ ಹೇಳ್ಲಿಕ್ಕಿ ಬರಲ್ರಿ ಅಕ್ಕೋರೆ. ಮತ್ತ ಮಾಡಿದ್ರೇ ಗೊತ್ತಾಗ್ತದ. ತಪ್ಪು ನಮ್ಮ ಓವನ್ನಿಂದು, ಮಾಫ್ ಮಾಡ್ರಿ.”

ಕಾಂತಾಬಾಯಿಯ ಧ್ವನಿ ಇಳಿಯಿತು. “ಅಯ್ಯ ತಾಯಿ, ನಾ ನಮ್ಮ ಗುಂಪಿನ ಭಾಗೀರಥಿಗಿ ಮಂದಿ ಎದುರ ಅಂದು ಬಿಟ್ಟೇನಿ, ನಿನ್ನ ಕಾಳಿನಿಂದೇ ಎಲ್ಲ ಕೆಟ್ಟದ ಅಂತ. ಮೂರು ದಿನ ಆತು, ಆಕಿ ನನ್ನ ಮಾರಿ ನೋಡಿಲ್ಲ. ಈಗ ಆಕಿಗೂ ಕರ್ಕೊಂಡು ಬರ್ತೇನಿ. ಕಣ್ಣೀಲೆ ನೋಡ್ತೇವಿ. ಬಿಡ್ತೀರಿಲ್ಲ?”

ಸುಮನ ಸಾಹೇಬರ ಕಡೆ ನೋಡಿದಳು. “ಅವ್ರ ಕಾಳು, ಅವ್ರು ನೋಡ್ಬಹುದು. ನಿಯಮದಾಗೇ ಅದಾ,” ಎಂದರು ಅವರು.

ಹನ್ನೆರಡಕ್ಕೆ ಇಬ್ಬರೂ ಬಂದರು. ಒಂದೇ ಬಸ್ಸಿನಲ್ಲಿ ಬಂದಿದ್ದರೂ ಬೆಂಚಿನ ಆ ತುದಿಗೊಬ್ಬಳು, ಈ ತುದಿಗೊಬ್ಬಳು ಕೂತರು. ಕಾಂತಾಬಾಯಿ ಎತ್ತರದ ಹೆಂಗಸು, ಸುಮ್ಮನೆ ಕೂರಲು ಬಾರದವಳು. ಭಾಗೀರಥಿಬಾಯಿ ತೆಳ್ಳಗಿನವಳು, ಸೆರಗು ಬಿಗಿಯಾಗಿ ಹೊದ್ದು ನೆಲ ನೋಡುತ್ತಿದ್ದಳು. ಸುಮನ ಅವರ ಎದುರಿಗೇ ಮೊಹರು ಒಡೆದು, ಶುಕ್ರವಾರ ತೆಗೆದಿಟ್ಟಿದ್ದ ಕಾಳನ್ನು ಬೀಸಿ, ತೂಗಿ, ನೀರಿನ ವಿಭಾಗದ ಇನ್ನೊಂದು ಓವನ್ನಿನಲ್ಲಿಟ್ಟಳು. ಅದರ ಬಿಸಿಯನ್ನು ಆಗಲೇ ತಾಳೆ ನೋಡಿಯಾಗಿತ್ತು.

ಒಂದೂವರೆ ಗಂಟೆ ಕಾಯಬೇಕಿತ್ತು. ಅಶೋಕಕುಮಾರ ಮೂರು ಸಲ ಚಹಾ ತರಿಸಿದ. ಸಾಹೇಬರು ಒಂದೇ ಸಲ ಕುಡಿದರು.

ಕಾಳು ಹೊರಗೆ ಬಂತು, ತಣ್ಣಗಾಯಿತು, ತಕ್ಕಡಿಗೇರಿತು. ಸುಮನ ಎರಡು ಸಲ ಲೆಕ್ಕ ಹಾಕಿ, ಕಾಗದವನ್ನು ಇಬ್ಬರಿಗೂ ಕಾಣುವಂತೆ ಹಿಡಿದಳು. “ಹನ್ನೊಂದು ಪಾಯಿಂಟ್ ಆರು. ನಿಮ್ಮ ಕಾಳು ಒಣಗಿತ್ರಿ.”

ಕಾಂತಾಬಾಯಿ ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋದಳು. “ತಪ್ಪಾತು ಭಾಗೀರಥಿ. ನೋಡದೇ ಅಂದೆ. ಮಂದಿ ಎದುರ ಅಂದೇನಿ, ಮಂದಿ ಎದುರೇ ತಪ್ಪಾತಂತೇನಿ.”

ಭಾಗೀರಥಿಬಾಯಿ ತಲೆಯೆತ್ತಿದಳು. “ನೀ ಅಂದಾಗ ಅಳು ಬಂದಿತ್ತು, ತಡಕೊಂಡೆ. ಈಗ ನಗು ಬರ್ಲಕತ್ತದ. ಯಾವ್ದು ಮೊದಲ ಮಾಡ್ಲಿ ಹೇಳು?”

ಎರಡನ್ನೂ ಒಟ್ಟಿಗೇ ಮಾಡಿದಳು. ಕಾಂತಾಬಾಯಿಯೂ ಅದನ್ನೇ ಮಾಡಿದಳು. ಅಶೋಕಕುಮಾರ ಕಣ್ಣೊರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿದ.

ಬುಧವಾರ ಸಂಜೆ, ಉಳಿದ ಹತ್ತು ವರದಿಗಳ ಮರುಪರೀಕ್ಷೆಯೂ ಮುಗಿದ ಮೇಲೆ, ಸಾಹೇಬರು ಎಲ್ಲರನ್ನೂ ಕೂರಿಸಿ ತಮ್ಮ ವರದಿ ಓದಿದರು. “ಮೂರು ಕೊರತಿ ಅವ,” ಎಂದಾಗ ಅಶೋಕಕುಮಾರನ ಮುಖದ ಬಣ್ಣ ಹೋಯಿತು. ಓವನ್ನನ್ನು ವಾರಕ್ಕೊಮ್ಮೆಯಲ್ಲ, ಬಳಸುವ ಪ್ರತಿ ದಿನ ತಾಳೆ ನೋಡಬೇಕು. ನಿಗದಿಯ ತಪಾಸಣೆ ಒಂದು ದಿನ ತಪ್ಪಿದೆ. ಮೂರನೆಯದನ್ನು ಓದುವಾಗ ಸಾಹೇಬರ ಗಡ್ಡದೊಳಗೆ ನಗು ಕಂಡಿತು. “ನೀರಿನ ಮಾದರಿ ಇಡೋ ಫ್ರಿಜ್ಜಿನಾಗ ಮಾಲೀಕರ ಮೊಸರಿನ ಡಬ್ಬಿ ಅದಾ.”

“ತೆಗೀತೇನ್ರಿ! ಈಗೇ ತೆಗೀತೇನಿ!” ಎಂದು ಅಶೋಕಕುಮಾರ ಎದ್ದೇಬಿಟ್ಟ.

“ಕೂಡ್ರಿ. ಒಂದು ತಿಂಗಳದಾಗ ಮೂರೂ ಸರಿ ಮಾಡಿ ಕಳಿಸ್ರಿ. ಮಾನ್ಯತಾ ಕೊಡ್ಬೇಕಂತ ನಾ ಬರೀಲಕತ್ತೀನಿ.” ಆಮೇಲೆ ಸುಮನಳ ಕಡೆ ತಿರುಗಿದರು. “ಕೊರತಿ ಇಲ್ಲದ ಜಾಗ ನಾ ಎಲ್ಲೂ ನೋಡಿಲ್ಲ ಬೇಟಿ. ತನ್ನ ವರದಿ ತಾನೇ ವಾಪಸ್ ಕರೆಯೋರನ್ನ ಬಹಳ ಕಡಿಮಿ ನೋಡೇನಿ.”

ಸುಮನ ಕೈ ಮುಗಿದಳು.

ಏಳು ವಾರಗಳಿಗೆ ಮಾನ್ಯತೆಯ ಪತ್ರ ಬಂತು. ಕಾಂತಾಬಾಯಿಗೆ ಸುದ್ದಿ ಹೇಗೆ ಮುಟ್ಟಿತೋ, ಭಾನುವಾರ ಊರಿಗೆ ಬರಲೇಬೇಕೆಂದು ಹಟ ಹಿಡಿದಳು. ಸುಮನ ಪತ್ರದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಔರಾದಿಗೆ ಹೋಗಿ, ಅಲ್ಲಿಂದ ಹಳ್ಳಿ ಸೇರಿದಳು. ಬೇವಿನ ಮರದಡಿ ಮೂವತ್ತು ಹೆಂಗಸರು ಪತ್ರವನ್ನು ಕೈಯಿಂದ ಕೈಗೆ ದಾಟಿಸಿದರು.

“ಇದರಾಗ ಏನ್ ಬರ್ದದ್ರಿ ಮೇಡಮ್?” ಎಂದು ಒಬ್ಬಳು ಕೇಳಿದಳು.

ಸುಮನ ಪತ್ರವನ್ನು ಕೈಗೆ ತೆಗೆದುಕೊಂಡಳು. “ಕಾಳು ಯಾರು ತಂದ್ರೂ, ಯಾವ ದಿನ ತಂದ್ರೂ, ನಾವು ಒಂದೇ ರೀತಿ ನೋಡ್ತೇವಿ ಅಂತ. ತಪ್ಪಾದ್ರ ನಾವೇ ಬಂದು ಹೇಳ್ತೇವಿ ಅಂತ.”

“ಇಷ್ಟಕ್ಕ ಇಷ್ಟು ದೊಡ್ಡ ಕಾಗದ ಬೇಕೇನು?” ಎಂದಳು ಭಾಗೀರಥಿಬಾಯಿ. ಮರದಡಿ ನಗು ಎದ್ದಿತು.

ಊಟವಾದ ಮೇಲೆ ಚೀಲಗಳಿಂದ ಸರಿಯಾದ ಮಾದರಿ ತೆಗೆಯುವುದನ್ನು ಕಲಿಸೆಂದು ಹೆಂಗಸರು ಕೂತರು. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆಯಿಂದ ಕಾಳು ಬರುವಂತೆ ಕೊಳವೆ ಚುಚ್ಚುವುದನ್ನು ಸುಮನ ತೋರಿಸಿದಳು. ಒಬ್ಬಳು ಹುರುಪಿನಿಂದ ಚುಚ್ಚಿದ್ದಕ್ಕೆ ಚೀಲ ಹರಿದು ಹೆಸರುಕಾಳು ಅಂಗಳದ ತುಂಬ ಉರುಳಿತು. ಹೆಂಗಸರು ನಗುತ್ತಲೇ ಆರಿಸತೊಡಗಿದರು. ಸುಮನ ಹಿಂದಿರುಗಬೇಕಿದ್ದ ನಾಲ್ಕರ ಬಸ್ಸು ಬಂದು ಹಾರ್ನು ಹಾಕಿತು. ಸುಮನ ಮೊಣಕಾಲೂರಿ ಕಾಳು ಗೋರುತ್ತಿದ್ದಳು, ಕೇಳಿಸಲೇ ಇಲ್ಲ. ಇದೇನು ಗದ್ದಲ ಎಂದು ಕಂಡಕ್ಟರು ಇಳಿದು ಬಂದ. ಕಾಂತಾಬಾಯಿ ಅವನ ಕೈಗೂ ಒಂದು ಮೊರ ಕೊಟ್ಟಳು.